ಎವಾರಿಸ್ತೊನ ಹೆಬ್ಬೆರಳು

ಎವಾರಿಸ್ತೊನಷ್ಟು ಬೈಸಿಕೊಂಡ ಮನುಷ್ಯ ನಮ್ಮ ರೊಕ್ಕಾಸೆಲ್ವಾದಲ್ಲಿ ಇನ್ನೊಬ್ಬನಿಲ್ಲ. ಬೈದವರಲ್ಲಿ ನಾನೇ ಮೊದಲಿಗಳು. ಅದನ್ನು ಒಪ್ಪಿಕೊಂಡೇ ಶುರು ಮಾಡುತ್ತೇನೆ.

ಕಸುಬಿನಲ್ಲಿ ಗಾರೆಯವನು. ಕುಳ್ಳ ಮನುಷ್ಯ, ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನು. ಇಗರ್ಜಿಯಲ್ಲಿ ಬಾಗಿಲ ಹತ್ತಿರ ನಿಂತೇ ಪೂಜೆ ಮುಗಿಸುತ್ತಿದ್ದ, ರೊಟ್ಟಿಯನ್ನು ನಡೆಯುತ್ತಲೇ ತಿನ್ನುತ್ತಿದ್ದ. "ಇವನ ಜೊತೆ ಸಂಸಾರ ಅಂದ್ರೆ ಬೀದೀಲಿ ಸಂಸಾರ ಮಾಡಿದ ಹಾಗೆ" ಎಂದು ಹೆಂಡತಿ ಗೊಣಗುತ್ತಿದ್ದಳು. ಗೊಣಗುತ್ತಲೇ ತೀರಿಹೋದಳು, ಪಾಪ.

ಅವನ ಕಾಲು ನಿಲ್ಲದಿರುವುದಕ್ಕೆ ಊರೂ ಒಂದು ಕಾರಣ. ಎಂಟುನೂರು ವರ್ಷ ಈ ಬೆಟ್ಟದ ಕೋಟೆಯನ್ನು ಯಾರೂ ಗೆಲ್ಲಲಿಲ್ಲವಂತೆ. ಬಿಷಪ್ಪನ ಸೈನ್ಯ ಬಂದು ಮೂರು ತಿಂಗಳು ಕೆಳಗೆ ಕೂತು, ಬೇಸತ್ತು ವಾಪಸು ಹೋಯಿತಂತೆ. ಒಳಗಿದ್ದ ನಮ್ಮವರೋ, ಮನೆಮನೆಯ ಕೆಳಗೂ ದ್ರಾಕ್ಷಾರಸ ಇಡಲು ನೆಲಮಾಳಿಗೆ ತೋಡಿದರು, ಅದರ ಕೆಳಗೆ ಇನ್ನೊಂದು ತೋಡಿದರು. ಮೆತ್ತನೆಯ ಕಲ್ಲು, ಅಗೆಯಲು ಸುಲಭ. ಬೆಟ್ಟ ಟೊಳ್ಳಾಯಿತು. ಶತ್ರು ಕೆಡವಲಾಗದ ಊರನ್ನು ನಾವೇ ಕುಡಿದು ಕೆಡವಿದೆವು. ನಮ್ಮ ಬೀದಿಯಲ್ಲಿ ಒಂಬತ್ತು ಮನೆ, ಆಮೇಲೆ ಆಕಾಶ. ಹತ್ತನೆಯದಾಗಿದ್ದದ್ದು ಸನ್ಯಾಸಿನಿಯರ ಮಠ. ಯಾರಾದರೂ ಪರವೂರಿನವರು ಮಠ ಎಲ್ಲಿ ಎಂದು ಕೇಳಿದರೆ "ಕೆಳಗೆ ಹೋಗಿದೆ, ಇನ್ನೂ ವಾಪಸು ಬಂದಿಲ್ಲ" ಎನ್ನುವುದು ನಮ್ಮವರ ರೂಢಿ.

ಮಠ ಬಿದ್ದ ವರ್ಷವೇ ಊರಿನ ಕಚೇರಿಯವರು ಎವಾರಿಸ್ತೊನಿಗೆ ಗಾಜಿನ ಕೆಲಸ ಕೊಟ್ಟರು. ಗೋಡೆ ಎಲ್ಲಿ ಬಿರುಕು ಬಿಟ್ಟಿದೆಯೋ ಅಲ್ಲಿ ಬೆರಳಗಲದ ಗಾಜಿನ ಪಟ್ಟಿಯೊಂದನ್ನು ಅಡ್ಡ ಇಟ್ಟು, ಎರಡೂ ತುದಿಗೆ ಗಾರೆ ಮೆತ್ತುವುದು. ಗೋಡೆ ಕೂದಲೆಳೆಯಷ್ಟು ಅಲುಗಿದರೂ ಗಾಜು ಒಡೆಯುತ್ತದೆ. ಒಡೆದರೆ ಆ ದಿನವೇ ಮನೆ ಖಾಲಿ. ಬೆಟ್ಟದ ಬುಡದ ರಸ್ತೆಯ ಬದಿಯ ಹೊಸ ಬಡಾವಣೆಗೆ ಇಳಿಯಬೇಕು. ಇವನು ಹಸಿ ಗಾರೆಯ ಮೇಲೆ ಹೆಬ್ಬೆರಳು ಒತ್ತಿ ಗುರುತು ಮಾಡುತ್ತಿದ್ದ. ಬೆಳಿಗ್ಗೆ ನಲವತ್ತಮೂರು ಗಾಜುಗಳನ್ನೂ ಸುತ್ತಿ, ಪ್ರತಿಯೊಂದು ಗುಳಿಯಲ್ಲೂ ಹೆಬ್ಬೆರಳು ಕೂರಿಸಿ, ಪಟ್ಟಿಯನ್ನು ದಿಟ್ಟಿಸಿ ಮುಂದಕ್ಕೆ ಹೋಗುತ್ತಿದ್ದ. ಗಾಜಿರುವ ಮನೆಯಲ್ಲಿ ಒಂದು ಗುಟುಕು ದ್ರಾಕ್ಷಾರಸವನ್ನೂ ಕುಡಿದವನಲ್ಲ. "ಕೂತ್ಕೊಳ್ಳೋ, ಒಂದು ಲೋಟ ತಗೋ" ಎಂದರೆ "ಕೂತ್ರೆ ಕಣ್ಣು ಮಂಜಾಗ್ತದೆ" ಎನ್ನುತ್ತಿದ್ದ. ಹೀಗೆ ಹನ್ನೊಂದು ಮನೆ ಖಾಲಿ ಮಾಡಿಸಿದ.

ಅದರಲ್ಲೊಂದು ಅವನ ಸ್ವಂತ ತಮ್ಮ ಕ್ವಿಂತೊನದು. ಕ್ವಿಂತೊನ ಹೆಂಡತಿ ತುಂಬಿದ ಬಸುರಿ. ಮಗು ಈ ಮನೆಯಲ್ಲೇ ಹುಟ್ಟಲಿ, ನಾಲ್ಕೇ ನಾಲ್ಕು ದಿನ ಬಿಡು ಎಂದು ಅವನು ಅಣ್ಣನ ಕೈ ಹಿಡಿದು ಕೇಳಿಕೊಂಡ. ಇವನು ಬಿಡಲಿಲ್ಲ. ಗಾಡಿಯಲ್ಲಿ ಇಳಿಸುವಾಗ ಅರ್ಧ ದಾರಿಯಲ್ಲಿ, ಎಣ್ಣೆ ಗಾಣದ ಕಟ್ಟೆಯ ಮೇಲೆ ಹೆಣ್ಣುಮಗು ಹುಟ್ಟಿತು. ಮನೆ ಮಾತ್ರ ಬೀಳಲಿಲ್ಲ. ಒಂಬತ್ತು ವರ್ಷವಾದರೂ ನಿಂತೇ ಇತ್ತು. ಸಂತ ರೊಕ್ಕೊನ ಹಬ್ಬಕ್ಕೆ ಕ್ವಿಂತೊ ವರ್ಷವರ್ಷವೂ ಹತ್ತಿ ಬಂದು, ಆ ಮನೆಯ ಮುಂದೆ ನಿಂತು, ಅಣ್ಣನಿಗೆ ಕೇಳುವಂತೆ ಗಟ್ಟಿಯಾಗಿ ನಗುತ್ತಿದ್ದ. ಅಣ್ಣ ತಮ್ಮಂದಿರ ನಡುವೆ ಬೇರೆ ಮಾತಿಲ್ಲ.

ಇನ್ನು ನನ್ನ ಕಥೆ. ನಾನು ಜೆಲಿಂದಾ, ಒಂಬತ್ತನೆಯ ಮನೆಯವಳು, ಊರಿಗೆಲ್ಲ ರೊಟ್ಟಿ ಸುಡುವವಳು. ಗಂಡ ಸತ್ತ ಮೇಲೆ ನಾನೂ ಮಗಳು ನಿವೆಸೂ ಇಬ್ಬರೇ. ಅವಳಿಗೆ ಕ್ವಿಂತೊನ ದೊಡ್ಡ ಮಗನ ಜೊತೆಯೇ ಸಂಬಂಧ ಕೂಡಿತು. ನಮ್ಮಲ್ಲಿ ಮದುಮಗಳು ತಾಯಿಯ ಹೊಸ್ತಿಲಿನಿಂದಲೇ ಇಗರ್ಜಿಗೆ ನಡೆದು ಹೋಗಬೇಕು, ತಾಯಿ ಹೊಸ್ತಿಲಲ್ಲಿ ನಿಂತು ಗೋಧಿ ಎರಚಬೇಕು. ಬೇರೆ ಮನೆಯಿಂದ ಹೊರಟವಳನ್ನು ಎಪ್ಪತ್ತು ವರ್ಷವಾದರೂ "ಮನೆಯಿಲ್ಲದವಳು" ಎಂದೇ ಕರೆಯುತ್ತಾರೆ. ನಮ್ಮವರ ನಾಲಿಗೆ ನನಗೆ ಗೊತ್ತು, ನನ್ನದೂ ಅದೇ ಜಾತಿಯ ನಾಲಿಗೆ.

ಮದುವೆಗೆ ಎರಡು ವಾರವೂ ಉಳಿದಿರಲಿಲ್ಲ. ಭಾನುವಾರ ಪೂಜೆ ಮುಗಿಸಿ ಬಂದು ನೋಡುತ್ತೇನೆ, ಒಲೆಯ ಗೋಡೆಯ ಗಾಜು ಎರಡು ತುಂಡು. ಯೋಚಿಸಲೂ ಇಲ್ಲ. ಸಂತ ರೊಕ್ಕೊನ ಪಟದ ಗಾಜು ಬಿಚ್ಚಿ, ಕತ್ತರಿಸಿ, ಹಳೆಯದನ್ನು ಕಿತ್ತು, ಗಾರೆ ಮೆತ್ತಿ, ನನ್ನ ಹೆಬ್ಬೆರಳು ಒತ್ತಿ ಗುರುತು ಮಾಡಿದೆ. ಬೂದಿ ಸವರಿ ಹಳತು ಮಾಡಿದೆ. ಹೆಬ್ಬೆರಳು ಅಂದರೆ ಹೆಬ್ಬೆರಳು, ಅದರಲ್ಲೇನಿದೆ ಎಂದುಕೊಂಡೆ.

ಸೋಮವಾರ ಬೆಳಿಗ್ಗೆ ಅವನು ಬಂದ. ಹೆಬ್ಬೆರಳು ಇಟ್ಟ. ಅದು ಒಂದು ಗಳಿಗೆ ಅಲ್ಲೇ ನಿಂತಿತು. ನಾನು ಹಿಟ್ಟು ನಾದುತ್ತಲೇ ಇದ್ದೆ.

"ಮದುವೆ ಯಾವತ್ತು?" ಎಂದ.

"ಇವತ್ತಿಗೆ ಹನ್ನೆರಡು ದಿನ. ಶನಿವಾರ."

ಗಾರೆಯ ಚೀಲ ಎತ್ತಿಕೊಂಡು ಹೋದ. ಅರ್ಧ ಗಂಟೆಗೆ ವಾಪಸು ಬಂದು ನನ್ನ ಮೆಟ್ಟಿಲ ಮೇಲೆ ಕೂತ. ಎವಾರಿಸ್ತೊ ಕೂತ! ಬೀದಿಯವರೆಲ್ಲ ಕಿಟಕಿಗೆ ಬಂದರು.

"ಏನೋ ಇದು, ಕಾಲಿಗೇನಾಯ್ತು?" ಎಂದೆ.

"ಬಿಸಿಲು ಚೆನ್ನಾಗಿದೆ."

"ಬಿಸಿಲು ನಿಮ್ಮನೆ ಮುಂದೂ ಇದೆಯಲ್ಲ ಮಾರಾಯಾ."

"ಅಲ್ಲಿ ರೊಟ್ಟಿ ವಾಸನೆ ಇಲ್ಲ. ರಾತ್ರಿ ನೀವಿಬ್ರೂ ಇಲ್ಲಿ ಮಲಗ್ಬೇಡಿ ಜೆಲಿಂದಾ, ನಿಮ್ಮಕ್ಕನ ಮನೆಗೆ ಹೋಗಿ."

"ಯಾಕೆ?"

"ಇಲಿ ಕಾಟ."

"ನಮ್ಮನೇಲಿ ಇಲಿ ಇಲ್ಲ."

"ಬರ್ತವೆ."

ಹನ್ನೆರಡು ದಿನವೂ ಹೀಗೇ. ಬೇಗಬೇಗ ನಲವತ್ತೆರಡು ಗಾಜು ಮುಗಿಸಿ ಬಂದು ಕೂರುವನು. ಮಂಡಿ ಒಂದೇ ಸಮ ಕುಣಿಯುತ್ತಿತ್ತು. ಆಗಾಗ ಗೋಡೆಗೆ ಕಿವಿ ಹಚ್ಚುವನು. ನಾನು ಕೆಮ್ಮಿದರೂ ಬೆಚ್ಚಿ ಬೀಳುವನು. ಹೆಂಗಸರು ಬಾವಿಕಟ್ಟೆಯಲ್ಲಿ ನನ್ನನ್ನು ಬಿಟ್ಟಾರೆಯೇ? "ಮಗಳದ್ದಾದ ಮೇಲೆ ಅಮ್ಮಂದೂ ಆಗತ್ತಂತೆ" ಎಂದರು. ನಾನೂ ಮಾತಿಗೆ ಮಾತು ಕೊಟ್ಟೆ. ಆದರೆ ಗೋಡೆ ಕಿರ್ರೆನ್ನುವುದು ನನಗೂ ಕೇಳುತ್ತಿತ್ತು. ತಟ್ಟೆ ಇಟ್ಟರೆ ಸದ್ದು, ಕುರ್ಚಿ ಎಳೆದರೆ ಸದ್ದು. ಒಂದು ಕಡೆ ನಿಲ್ಲಲಾರೆ, ಕೂರಲಾರೆ. ಶನಿವಾರದ ತನಕ ತಡಿ, ಶನಿವಾರದ ತನಕ ತಡಿ ಎಂದು ಗೋಡೆಯನ್ನೇ ಬೇಡಿಕೊಳ್ಳುತ್ತಿದ್ದೆ.

ಶನಿವಾರ ಬಂತು. ನಿವೆಸ್ ಬಿಳಿ ಬಟ್ಟೆಯಲ್ಲಿ ನನ್ನ ಹೊಸ್ತಿಲು ದಾಟಿದಳು. ನಾನು ಗೋಧಿ ಎರಚಿ, ಅತ್ತು, ಎಲ್ಲರ ಹಿಂದೆ ಹೋದೆ. ಊಟ ಕೆಳಗೆ ಕ್ವಿಂತೊನ ಅಂಗಳದಲ್ಲಿ. ಎವಾರಿಸ್ತೊನನ್ನು ಕರೆದಿರಲಿಲ್ಲ.

ಬಿಸಿಲು ಇಳಿಯುವ ಮುಂಚೆ ಮೇಲೆ ಹತ್ತಿ ಬಂದೆ. ನಾನು ಹಿಟ್ಟು ನಾದುವ ಮರಿಗೆ, ಮಂಚ, ಕೋಳಿ ಬುಟ್ಟಿ, ಗಾಜಿಲ್ಲದ ಸಂತ ರೊಕ್ಕೊ, ಎಲ್ಲವೂ ಬೀದಿಯಲ್ಲಿ. ಬಾಗಿಲಿಗೆ ಬೀಗ. ಇವನು ಒಬ್ಬನೇ ಎಲ್ಲ ಹೊತ್ತು ಹಾಕಿ, ಬೆವರು ಸುರಿಸುತ್ತ ಮೆಟ್ಟಿಲ ಮೇಲೆ ಕೂತಿದ್ದ.

"ಬೀಗದ ಕೈ ಕೊಡು."

"ಗಾಜು ಒಡೆದಿದೆ ಜೆಲಿಂದಾ."

"ಸುಳ್ಳು. ಹೋಗಿ ನೋಡು, ಹಾಗೇ ಇದೆ."

"ಅದು ನಿನ್ನ ಗಾಜು. ನನ್ನದು ಒಡೆದು ಹನ್ನೆರಡು ದಿನ ಆಯ್ತು. ನಿನ್ನ ಹೆಬ್ಬೆರಳು ಚಿಕ್ಕದು, ಅದ್ರಲ್ಲಿ ನನ್ನದು ಕೂರಲ್ಲ."

ಸಿಕ್ಕಿಬಿದ್ದವರಿಗೆ ಬಾಯಿ ಜೋರು. ಅವನ ವಂಶವನ್ನೆಲ್ಲ ಎತ್ತಿ ಬೈದೆ. ಸತ್ತ ಹೆಂಡತಿಯನ್ನೂ ಬಿಡಲಿಲ್ಲ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅವನು ಎಲ್ಲ ಕೇಳಿಸಿಕೊಂಡು, "ಮಧ್ಯಾಹ್ನದಿಂದ ಗೋಡೆ ಸದ್ದು ನಿಲ್ಲಿಸಿಬಿಟ್ಟಿದೆ. ಅದೇ ನಂಗೆ ಭಯ" ಎಂದ.

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಒಲೆಯ ಗೋಡೆ, ಅಡುಗೆಮನೆ, ಅದರ ಕೆಳಗಿನ ಎರಡು ನೆಲಮಾಳಿಗೆ, ಎಲ್ಲ ಒಟ್ಟಿಗೆ ಕಣಿವೆಗೆ ಹೋದವು. ಹತ್ತು ಗಂಟೆ ಎಂದರೆ ನಾನು ಒಲೆಯ ಮುಂದೆ ಬಗ್ಗಿರುವ ಹೊತ್ತು. ಹೊಸ್ತಿಲು ಮಾತ್ರ ಉಳಿಯಿತು. ಬೀದಿಯಲ್ಲಿ ಈಗ ಎಂಟೇ ಮನೆ.

ಭಾನುವಾರ ಕ್ವಿಂತೊನ ಅಂಗಳದಲ್ಲಿ ಊಟಕ್ಕೆ ಕೂತಿದ್ದೆವು. ಎವಾರಿಸ್ತೊ ಬಂದ. ಒಂಬತ್ತು ವರ್ಷದಲ್ಲಿ ಮೊದಲ ಸಲ ಬೆಟ್ಟ ಇಳಿದಿದ್ದ. ಗಾರೆಯ ಚೀಲ ಕೈಯಲ್ಲಿರಲಿಲ್ಲ, ಗಾಜಿನ ಕೆಲಸ ಬಿಟ್ಟು ಅದನ್ನು ಕಚೇರಿಗೆ ಒಪ್ಪಿಸಿ ಬಂದಿದ್ದ. ಕೂರಲಿಲ್ಲ. ಟೊಪ್ಪಿಗೆಯನ್ನು ಕೈಯಲ್ಲಿ ತಿರುಗಿಸುತ್ತ, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ ನಿಂತ.

"ಇವಳಿಗೆ ಹನ್ನೆರಡು ದಿನ ಕೊಟ್ಟೆ ಕ್ವಿಂತೊ" ಎಂದ. "ಬಿದ್ದೇ ಬೀಳ್ತದೆ ಅಂತ ಗೊತ್ತಿದ್ದೂ ಕೊಟ್ಟೆ. ನಿಂಗೆ ನಾಲ್ಕು ಕೊಡ್ಲಿಲ್ಲ. ಯಾಕೆ ಅಂತ ಕೇಳ್ಬೇಡ, ನಂಗೇ ಗೊತ್ತಿಲ್ಲ."

ಕ್ವಿಂತೊ ನಗುತ್ತಾನೆ, ಈಗ ನಗುತ್ತಾನೆ ಎಂದು ಕಾದೆ. ಅವನು ನಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಮಗಳನ್ನು, ಗಾಣದ ಕಟ್ಟೆಯ ಮೇಲೆ ಹುಟ್ಟಿದವಳನ್ನು, ಸ್ವಲ್ಪ ಆಚೆ ಸರಿಸಿ ಬೆಂಚಿನಲ್ಲಿ ಜಾಗ ಮಾಡಿದ.

"ಹುರುಳಿಕಾಯಿ ಆರ್ತಾ ಇದೆ" ಎಂದ. "ಕೂತ್ಕೊ."

ಎವಾರಿಸ್ತೊ ಕೂತ. ಅವನ ಮುಂದೆ ದ್ರಾಕ್ಷಾರಸದ ಲೋಟ ಇಟ್ಟವಳು ನಾನೇ.