ಮೌಶಿ ಹುಡುಕಿದ ವಾಸನೆ

ತಂಗಿಯ ಮಗಳು ಬಾಣಂತಿಯಾಗಿದ್ದಾಳೆಂದು ನೋಡಲು ಮೊನ್ನೆ ಆಸ್ಪತ್ರೆಗೆ ಹೋಗಿದ್ದೆ. ಸಿಝೇರಿಯನ್ ಆಗಿತ್ತು. ನರ್ಸ್ ಹತ್ತಿಯ ಉಂಡೆಗೆ ಸುಗಂಧದ ಎಣ್ಣೆ ಹಾಕಿ ಅವಳ ದಿಂಬಿನ ಪಕ್ಕ ಇಟ್ಟಳು. "ಇದರ ವಾಸನಿ ತಗೊಂಡ್ರ ಸಂಕಟ ಸ್ವಲ್ಪ ಕಡಿಮಿ ಆಗ್ತದರಿ" ಎಂದಳು. ಆ ಪರಿಮಳ ಮೂಗಿಗೆ ತಾಗಿದ್ದೇ ತಡ, ಮೌಶಿ ನೆನಪಾದರು…

ಎಂಬತ್ತರ ದಶಕದ ಕೊನೆಯ ಮಾತು. ನಾವು ಜೇವರ್ಗಿ ಕಾಲೋನಿಯಲ್ಲಿ ಬಾಡಿಗೆಗಿದ್ದೆವು. ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದ ವಿಧವೆಯನ್ನು ಓಣಿಯವರೆಲ್ಲ ಮೌಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ತವರು ಕಮಲಾಪುರ. ಓಣಿಯಲ್ಲಿ ಯಾರಿಗೆ ಆಪರೇಷನ್ ಮಾಡಿ ಹೆರಿಗೆ ಮಾಡಿಸಿದರೂ ಮೌಶಿ ಲಾವಂಚದ ಬೇರಿನ ಖಸ್ ಅತ್ತರಿನ ಪುಟ್ಟ ಸೀಸೆ ಹಿಡಿದು ಹೋಗುತ್ತಿದ್ದರು. ಹತ್ತಿಗೆ ಒಂದೆರಡು ಹನಿ ಹಾಕಿ ಬಾಣಂತಿಯ ಮೂಗಿನ ಹತ್ತಿರ ಹಿಡಿದು, ತಲೆ ಸವರುತ್ತ ಕೂರುತ್ತಿದ್ದರು.

ನನಗೆ ಮಗಳು ಹುಟ್ಟಿದಾಗಲೂ ಆಸ್ಪತ್ರೆಗೆ ಬಂದರು. ಹೊಲಿಗೆ ಉರಿಯುತ್ತಿತ್ತು, ಕೆಮ್ಮಿದರೆ ಜೀವ ಹೋದಂತಾಗುತ್ತಿತ್ತು. "ಉಸಿರು ಮೆಲ್ಲಗ ತಗೋ… ಇನ್ನೂ ಮೆಲ್ಲಗ" ಎನ್ನುತ್ತಿದ್ದರು. ನೋವು ಹೋಗುತ್ತಿರಲಿಲ್ಲ. ಆದರೆ ಸ್ವಲ್ಪ ದೂರ ಸರಿದು ಕುಳಿತಂತೆ ಇರುತ್ತಿತ್ತು.

"ಎಷ್ಟು ಚಂದ ವಾಸನಿ ಅದರೀ ಮೌಶಿ" ಎಂದೆ ಒಮ್ಮೆ.

"ಹೌದೇನು? ನನಗ ಯಾವ ವಾಸನಿನೂ ತಿಳಿಯಂಗಿಲ್ಲವ್ವ" ಎಂದರು ಶಾಂತವಾಗಿ. ಅವರಿಗೂ ಹರೆಯದಲ್ಲಿ ಹೊಟ್ಟೆ ಕೊಯ್ದೇ ಹೆರಿಗೆ ಮಾಡಿಸಿದ್ದರಂತೆ. ಎಚ್ಚರಾಗುವಷ್ಟರಲ್ಲಿ ಮನೆಯವರು ಕೂಸನ್ನು ಮಣ್ಣು ಮಾಡಿ ಬಂದಿದ್ದರು. ಅದನ್ನು ಸುತ್ತಿದ್ದ ಬಟ್ಟೆಯೊಂದೇ ಉಳಿದಿತ್ತು. "ಮಾರಿ ನೋಡಿಲ್ಲ ನಾ. ಆ ಅರಿವಿ ಮೂಸಿ ನೋಡೀನಿ. ಅದ ಕಡೀದು. ಆಮ್ಯಾಲ ಮೂಗಿಗಿ ಏನೂ ಹತ್ತಲಿಲ್ಲ."

ಇಷ್ಟು ಹೇಳಿ, ತೊಟ್ಟಿಲಿನತ್ತ ಬಾಗಿ ನನ್ನ ಮಗಳ ನೆತ್ತಿಯನ್ನು ಮೂಸಿದರು. ಬಹಳ ಹೊತ್ತು ತಲೆ ಎತ್ತಲಿಲ್ಲ.

ಅಂದಿನಿಂದ ಬಂದಾಗೆಲ್ಲ ಹಾಗೆಯೇ ಮಾಡುತ್ತಿದ್ದರು. ನಾವು ಇಡದ ಒಂದು ಹೆಸರಿನಿಂದ ಕೂಸನ್ನು ಕರೆಯುತ್ತಿದ್ದರು. ಮಗಳು ಎಷ್ಟೇ ಅಳುತ್ತಿದ್ದರೂ ಆ ಹೆಸರು ಕೇಳಿದೊಡನೆ ತಟ್ಟನೆ ಸುಮ್ಮನಾಗುತ್ತಿದ್ದಳು. ನನ್ನ ಅವ್ವನಿಗೆ ಇದು ಸೇರಲಿಲ್ಲ. "ಆಕಿ ಕೈಯಾಗ ಕೂಸ ಕೊಡಬ್ಯಾಡ" ಎಂದಳು.

ಒಂದು ಮಧ್ಯಾಹ್ನ ಅವ್ವ ಬಿಸಿನೀರು ತರಲು ಕೆಳಗೆ ಹೋಗಿದ್ದಳು. ನನಗೆ ಜೊಂಪು ಹತ್ತಿತ್ತು. ಕಣ್ಣು ಬಿಟ್ಟರೆ ಕೋಣೆಯ ತುಂಬ ಅತ್ತರಿನ ವಾಸನೆ. ತೊಟ್ಟಿಲು ಖಾಲಿ.

ಹೊಲಿಗೆ ಹಿಡಿದುಕೊಂಡು, ಗೋಡೆಗೆ ಆತು ಹೊರಗೆ ಬಂದೆ. ವರಾಂಡದ ಕೊನೆಯಲ್ಲಿ, ಮೆಟ್ಟಿಲ ಬಳಿ ಮೌಶಿ ನಿಂತಿದ್ದರು. ಕಾಲಲ್ಲಿ ಚಪ್ಪಲಿ ಇತ್ತು. ಮಗಳು ಅವರ ಸೆರಗಿನೊಳಗಿದ್ದಳು.

"ಎಲ್ಲಿಗಿ ಹೊಂಟೀರಿ ಮೌಶಿ?"

"ಮನಿಗಿ" ಎಂದರು, ನನ್ನನ್ನು ನೋಡದೆ.

ಆಮೇಲೆ, ಯಾವ ವಾಸನೆಯೂ ತಿಳಿಯದ ಆ ಮೂಗಿನಿಂದಲೇ ಇನ್ನೊಮ್ಮೆ ನೆತ್ತಿ ಮೂಸಿದರು. ಅವರ ಮುಖ ಮೆಲ್ಲಗೆ ಇಳಿಯಿತು. "ಇದು ನಮ್ಮ ಕೂಸಲ್ಲ ಬಿಡವ್ವ. ವಾಸನಿ ಬ್ಯಾರೆ ಅದ" ಎಂದು ಮಗಳನ್ನು ನನ್ನ ಕೈಗಿತ್ತರು. ನಾನು ಅವಳನ್ನು ಎದೆಗವಚಿಕೊಂಡು ಗೋಡೆಗೆ ಒರಗಿದೆ. ಅದನ್ನು ಕಂಡು ಸೀಸೆ ತೆಗೆದು, ಸೆರಗಿನ ತುದಿಗೆ ಒಂದು ಹನಿ ಹಚ್ಚಿ ನನ್ನ ಮೂಗಿಗೆ ಹಿಡಿದರು. "ಮೆಲ್ಲಗ ತಗೋ ಉಸಿರು."

ನಾವು ಮನೆಗೆ ಮರಳುವ ಹೊತ್ತಿಗೆ ಪಕ್ಕದ ಮನೆಗೆ ಬೀಗ ಬಿದ್ದಿತ್ತು.

ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಒಮ್ಮೆ ಮೌಶಿಯ ತವರು ಕಮಲಾಪುರಕ್ಕೆ ಹೋದೆ, ಅವಳನ್ನು ಅವರಿಗೆ ತೋರಿಸಿ ಬರೋಣವೆಂದು. ಮನಸ್ಸಿನಲ್ಲಿ ಅಂಜಿಕೆಯೂ ಇತ್ತು. ಅವರ ತಮ್ಮ ಬಾಳೆತೋಟದಲ್ಲಿ ಸಿಕ್ಕರು. "ಅಕ್ಕ ಹೋಗಿ ವರ್ಷ ಆಯ್ತರಿ" ಎಂದರು. ಕೊನೆಗಾಲದಲ್ಲಿ ಹಾಸಿಗೆಯ ಒಂದು ಮಗ್ಗುಲಲ್ಲಿ ಯಾರನ್ನೂ ಕೂರಗೊಡುತ್ತಿರಲಿಲ್ಲವಂತೆ, ಕೂಸು ಮಲಗಿದೆ ಎಂದು.

ಮತ್ತೆ ಅವರೇ ಹೇಳಿದರು. "ನಾ ಇಂಥಾವೆಲ್ಲ ನಂಬಾಂವಲ್ಲರಿ. ಆದ್ರ ಆಕಿ ಹೋದ ಮ್ಯಾಲ ಆ ಹಾಸಗಿ ಎತ್ತಿದ್ನಲ್ಲ… ಹಸಗೂಸಿನ ವಾಸನಿ ಬರ್ಲಾಕತ್ತಿತ್ತು."

ಈಗ ಮೌಶಿಯ ಮನೆಯಿದ್ದಲ್ಲಿ ಟ್ಯೂಷನ್ ಕ್ಲಾಸು ನಡೆಯುತ್ತದೆ. ಅವರದೊಂದು ಫೋಟೋ ಕೂಡ ನನ್ನಲ್ಲಿಲ್ಲ. ಮುಖ ಮಸುಕಾಗುತ್ತಿದೆ… ಅವರು ಮಗಳನ್ನು ಕರೆಯುತ್ತಿದ್ದ ಆ ಹೆಸರು ಮಾತ್ರ ಚೆನ್ನಾಗಿ ನೆನಪಿದೆ. ಇಂದಿಗೂ ಅದನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳಲು ನನಗೆ ಧೈರ್ಯ ಬಂದಿಲ್ಲ.