ಪೊರಕೆ ತಾಗಿದ ಕಲಶ

ಇವತ್ತು ಬೆಳಿಗ್ಗೆ ಹೊಸಹಳ್ಳಿಯ ನಮ್ಮ ಮಾರಮ್ಮನ ಗುಡಿಯ ಗೋಡೆಗೆ ಯಾರೋ ಕೆಂಪು ಬಣ್ಣದ ಗೆರೆ ಎಳೆದು ಹೋಗಿದ್ದರು. ಬಣ್ಣ ಇನ್ನೂ ಹಸಿ. ಅದರ ವಾಸನೆ ಮೂಗಿಗೆ ಬಡಿದದ್ದೇ ತಡ, ಹೆದರಿಬಿಟ್ಟೆ. ರಸ್ತೆ ಅಗಲ ಮಾಡುವವರ ಗೆರೆ ಅದು. ಹಳೆಯ ಗುಡಿ ಹೋದದ್ದೂ ಇಂಥದೇ ಗೆರೆಯಿಂದ.

ಗುಡಿಗಾಗಿ ಹೆದರಿದೆ ಎಂದುಕೊಂಡಿರಾ? ಅಷ್ಟು ದೊಡ್ಡ ಮನಸ್ಸು ನನ್ನದಲ್ಲ. ಹೆದರಿದ್ದು ನನಗಾಗಿ.

ಆಗ ನಾನು ಹೊಸ ಸೊಸೆ. ಹಳೆಯ ಗುಡಿ ಕೆಡವುವ ಮುಂಚೆ ಪೂಜಾರಪ್ಪನವರು ಅಮ್ಮನ ಶಕ್ತಿಯನ್ನು ಕಲಶದ ನೀರಿಗೆ ಇಳಿಸಿ, ಹೊಸ ಗುಡಿ ಏಳುವ ತನಕ ಇರಲೆಂದು ನಮ್ಮ ದೇವರ ಕೋಣೆಯಲ್ಲಿಟ್ಟರು. "ಜೆಸಿಬಿ ಕೆಡವಿದ್ದು ಬರೀ ಕಲ್ಲು, ಅಮ್ಮ ನಮ್ಮನೇಲಿದಾಳೆ" ಎಂದು ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದರು. ನನಗೆ ಮಾತ್ರ, "ಆ ಕಡೆ ಸೆರಗೂ ತಾಗಿಸ್ಬೇಡ ಕಣೇ" ಅಂದರು.

ಸೆರಗು ತಾಗಲಿಲ್ಲ, ಪೊರಕೆ ತಾಗಿತು. ಕಲಶ ಉರುಳಿ ನೀರೆಲ್ಲ ನೆಲದ ಪಾಲಾಯಿತು. ಹೊರಗೆ ಅತ್ತೆ ತರಕಾರಿ ಗಾಡಿಯವನ ಹತ್ತಿರ ಚೌಕಾಸಿ ಮಾಡುತ್ತಿದ್ದರು. ನಾನು ಅಡುಗೆಮನೆಯ ನಲ್ಲಿ ನೀರು ತುಂಬಿಸಿ, ತೆಂಗಿನಕಾಯಿ ಕೂರಿಸಿ, ನೆಲ ಒರೆಸಿ, ಸಾಧ್ವಿಯಂತೆ ಹುರುಳಿಕಾಯಿ ನಾರು ಬಿಡಿಸುತ್ತ ಕೂತೆ.

ಹೊಸ ಗುಡಿಯ ಪ್ರತಿಷ್ಠೆಯ ದಿನ ಅದೇ ನೀರಿನಿಂದ ಹೊಸ ವಿಗ್ರಹಕ್ಕೆ ಅಭಿಷೇಕವಾಯಿತು. ಊರೆಲ್ಲ ಕೈಮುಗಿಯಿತು. ನಾನೂ ಮುಗಿದೆ, ನಲ್ಲಿ ನೀರಿಗೆ. ಅಂದಿನಿಂದ ಬೀದಿಯಲ್ಲಿ ಯಾರ ಮಗುವಿಗೆ ಜ್ವರ ಬಂದರೂ ನನ್ನಿಂದಲೇ ಅನ್ನಿಸುತ್ತಿತ್ತು. ಕಾಯುವವಳನ್ನೇ ಗುಡಿಸಿ ಹಾಕಿದ್ದೇನಲ್ಲ! ಅತ್ತೆ ತೀರಿಕೊಂಡರು, ಅವರಿಗೂ ಹೇಳುವ ಧೈರ್ಯ ಬರಲಿಲ್ಲ.

ಗೆರೆ ನೋಡುತ್ತ ನಿಂತಿದ್ದಾಗ ಪೂಜಾರಪ್ಪನವರು ಬಂದರು. "ಈ ಸಲಾನೂ ಕಲಶ ನಿಮ್ಮನೇಲೇ ಇಡೋಣ ಕಣಮ್ಮ. ಹೋದ ಸಲ ಎಷ್ಟು ಚೆನ್ನಾಗಿ ನೋಡ್ಕೊಂಡ್ರಿ!"

ಇನ್ನು ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಮುದುಕರ ಮುಖ ಬಿಳಿಚಿಕೊಂಡಿತು. ಆಮೇಲೆ ಕೇಳಿದರು: "ಚೆಲ್ಲಿದ ನೀರು ಏನ್ಮಾಡ್ದೆ?"

"ಒರೆಸಿದ ಬಟ್ಟೆ ಹಿಂಡಿ ಹಿತ್ತಲ ಕರಿಬೇವಿನ ಗಿಡಕ್ಕೆ ಹಾಕ್ದೆ. ಮೋರಿಗೆ ಹಾಕೋಕೆ ಭಯ ಆಯ್ತು."

"ಗಿಡ ಇದೆಯಾ?"

"ಮರ ಆಗಿದೆ. ಒಗ್ಗರಣೆಗೆ ಬೀದಿಯವರೆಲ್ಲ ಅಲ್ಲೇ ಕಿತ್ಕೊಂಡು ಹೋಗ್ತಾರೆ."

ಅವರು ನನ್ನ ಜೊತೆ ಮನೆಗೆ ಬಂದು, ಗೇಟಿನಲ್ಲೇ ಚಪ್ಪಲಿ ಬಿಟ್ಟು, ಹಿತ್ತಲಿಗೆ ಹೋಗಿ ಮರಕ್ಕೆ ಕೈಮುಗಿದು ಹೊರಟರು.

ಈಗ ಒಲೆಯ ಮೇಲೆ ಸಾರು ಕುದಿಯುತ್ತಿದೆ. ಒಂದೆಸಳು ಕರಿಬೇವಿಗೆಂದು ಬಂದವಳು ಮರದ ಕೆಳಗೆ ಸುಮ್ಮನೆ ನಿಂತಿದ್ದೇನೆ. ಇಷ್ಟು ವರ್ಷ ಅಮ್ಮ ಹೊರಟುಹೋದಳೆಂದು ಹೆದರಿದ್ದೆ. ಇವತ್ತು, ಎಲ್ಲಿಗೂ ಹೋಗಿಲ್ಲವೆಂದು ಒಂದೆಲೆ ಕೀಳಲೂ ಹೆದರುತ್ತಿದ್ದೇನೆ.