ಗುಂಡಿ ಒತ್ತಿದರೆ ಹಿಡಿಯುವ ಹ್ಯಾಂಡ್‌ಬ್ರೇಕ್

ನಾನೇ ಕಟ್ಟಿದ ಕಾರಿಗೆ ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕ್ ಹಾಕಿದ್ದು ಶೋಕಿಗಲ್ಲ. ಮುರಿದು ಕೂಡಿದ ಎಡಗೈಯಲ್ಲಿ ನನ್ನ ಹೆಂಡತಿ ಸುಮಾಗೆ ಲಿವರ್ ಎಳೆಯಲು ಆಗುತ್ತಿರಲಿಲ್ಲ. ಹಳೆ ಕಾರೊಂದರ ಬ್ರೇಕ್ ಮೋಟಾರುಗಳನ್ನು ತಂದು, ಎರಡು ತಿಂಗಳು ಒದ್ದಾಡಿ ಹಿಂದಿನ ಚಕ್ರಗಳಿಗೆ ಕೂರಿಸಿದೆ.

ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿರುವ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಬೇಸ್‌ಮೆಂಟ್ ಇಳಿಜಾರಿನಲ್ಲೇ ಪರೀಕ್ಷೆ. ಕೆಳಗೆ ನೆರೆಮನೆಯ ಕಾಂತಿಭಾಯಿಯ ಹೊಸ ಕಾರು ನಿಂತಿತ್ತು. ಅದಕ್ಕೆ ಅಡ್ಡವಾಗಿ ಅವರೇ ಎರಡೂ ಕೈ ಚಾಚಿ ನಿಂತರು.

ಸುಮಾ ಕಾರನ್ನು ಇಳಿಜಾರಿನ ಅರ್ಧಕ್ಕೆ ಹತ್ತಿಸಿ, ನಿಲ್ಲಿಸಿ ಗುಂಡಿ ಒತ್ತಿದಳು. ಮೋಟಾರು ಗುರ್ ಎಂದಿತು. ಎಂಜಿನ್ ಆರಿಸಿ ಪೆಡಲಿನಿಂದ ಕಾಲು ತೆಗೆದಳು. ಕಾರು ಕದಲಲಿಲ್ಲ.

“ಲೈಟ್ ಜಾಯ್ ತೋ?” ಎಂದರು ಕಾಂತಿಭಾಯಿ. ಕರೆಂಟು ಹೋದರೆ ಏನು ಗತಿ ಅಂತ.

ಒಮ್ಮೆ ಬಿಗಿಯಾದ ಮೇಲೆ ಕರೆಂಟು ಬೇಡವೆಂದು ಹಿಂದಿಯಲ್ಲಿ ಹೇಳಿದೆ. ನಂಬಲಿಲ್ಲ. ಬಾನೆಟ್ ಎತ್ತಿ ಬ್ಯಾಟರಿಯ ವೈರನ್ನೇ ಕಳಚಿದೆ. ಕಾರು ಒಂದಂಗುಲವೂ ಹಿಂದೆ ಸರಿಯಲಿಲ್ಲ.

“ರೀ, ಗೆದ್ರಿ!” ಎಂದು ಸುಮಾ ಕೂಗಿದಳು.

ವೈರು ಜೋಡಿಸಿದ ಕೂಡಲೇ ಅವಳು ಮೇಲಕ್ಕೆ ಹತ್ತಿಸಿ ಕಾಂಪೌಂಡಿನೊಳಗೆ ಒಂದು ಸುತ್ತು ಹೊಡೆದಳು. ಎರಡನೇ ಸುತ್ತಿಗೆ ಕಾಂತಿಭಾಯಿ ಪಕ್ಕದಲ್ಲಿ ಕೂತಿದ್ದರು. ಕಾರಿಗಿರುವುದು ಎರಡೇ ಸೀಟು. ಕಟ್ಟಿದ ನಾನು ಗೇಟಿನ ಬಳಿ ನಿಂತು ಕೈಬೀಸಿದೆ.